ಹಸಿರು ಬಾವುಟ ಬೀಸಿದವರಿಗೆ ಬಿಬ್ ನಂಬರ್ 417ರ ವಿಜ್ಞಾಪನೆ

ಸನ್ಮಾನ್ಯ ಮುಖ್ಯ ಅತಿಥಿಗಳ ಸನ್ನಿಧಾನಕ್ಕೆ,

ಮೈಸೂರಿನ ನಮ್ಮ ಬಡಾವಣೆಯ ಹತ್ತು ಕಿಲೋಮೀಟರ್ ಓಟದಲ್ಲಿ ಬಿಬ್ ನಂಬರ್ 417 ಆಗಿದ್ದವನು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಎಡ ಮೊಣಕಾಲೊಂದನ್ನು ಬಿಟ್ಟರೆ ನಾನು ಕ್ಷೇಮ. ಅಂದು ತಾವೂ ವೇದಿಕೆಯಿಂದ ಕಾರಿನವರೆಗೆ ನಮ್ಮ ಜೊತೆ ಓಡಿದಿರಿ, ಆದ್ದರಿಂದ ತಮ್ಮ ಆರೋಗ್ಯವೂ ಚೆನ್ನಾಗಿರಬೇಕು.

ಓಟಕ್ಕೂ ಓಟಿಗೂ ಇರುವ ನಂಟಿನ ಬಗ್ಗೆ ನಾನು ಶ್ಲೇಷೆ ಮಾಡಲು ಹೋಗುವುದಿಲ್ಲ. ತಮ್ಮ ಭಾಷಣದಲ್ಲಿ ಅದು ಮೂರು ಸಲ ಆಗಿಹೋಗಿದೆ.

ಕರಪತ್ರದಲ್ಲಿ ಓಟ ಬೆಳಗ್ಗೆ 6ಕ್ಕೆ ಎಂದು ಅಚ್ಚಾಗಿತ್ತು. ನಾವು ಅದನ್ನು ನಂಬಿದೆವು. ಐದೂವರೆಗೇ ಬಂದು, ಟೀ ಶರ್ಟಿಗೆ ನಾಲ್ಕು ಪಿನ್ನು ಚುಚ್ಚಿ ಬಿಬ್ ಅಂಟಿಸಿಕೊಂಡು, ಹಿಮ್ಮಡಿ ಎತ್ತಿ ಇಳಿಸಿ ಮೈ ಬಿಸಿ ಮಾಡಿಕೊಂಡೆವು. ಆರಕ್ಕೆ ಪ್ರಾರ್ಥನೆ. ಆರೂವರೆಗೆ ಜುಂಬಾ. ಏಳಕ್ಕೆ ಮತ್ತೆ ಜುಂಬಾ, ಏಕೆಂದರೆ ಆರೂಮುಕ್ಕಾಲರಿಂದಲೂ ತಾವು ‘ಇಲ್ಲೇ ಸರ್ಕಲ್ ಹತ್ರ’ ಇದ್ದಿರಿ. ಕಾರಿನಿಂದ ಇಳಿದದ್ದು 7.10ಕ್ಕೆ. ಪೇಟ, ಹಾರ, ಹಣ್ಣಿನ ಬುಟ್ಟಿ, ಆಮೇಲೆ ‘ಎರಡೇ ಮಾತು’. ಬಾವುಟ ಬೀಸಿದಾಗ 7.40. ಅಷ್ಟರಲ್ಲಿ ಬಿಸಿ ಮಾಡಿಕೊಂಡ ಮೈ ಎರಡು ಸಲ ತಣ್ಣಗಾಗಿ, ಮೂರನೇ ಸಲ ಬಿಸಿಲಿಗೆ ತಾನಾಗಿಯೇ ಕಾದಿತ್ತು.

ಕೀನ್ಯಾದ ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ 42.195 ಕಿ.ಮೀ.ಯನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದರು. ಅವರೇನಾದರೂ ನಮ್ಮ ಬಡಾವಣೆಯಲ್ಲಿ ಸರಿಯಾಗಿ ಆರಕ್ಕೆ ಹೊರಟಿದ್ದರೆ, ತಾವು ಬಾವುಟ ಎತ್ತುವ ಹೊತ್ತಿಗೆ 35ನೇ ಕಿಲೋಮೀಟರ್ ದಾಟಿರುತ್ತಿದ್ದರು. ಶ್ರೀರಂಗಪಟ್ಟಣಕ್ಕೆ ಹೋಗಿ ಬರಬಹುದಿತ್ತು.

ಬಾವುಟವನ್ನೂ ತಾವು ಒಂದೇ ಸಲಕ್ಕೆ ಬೀಸಲಿಲ್ಲ. ಮೊದಲ ಸಲ ಬೀಸಿದಾಗ ಮುಂದಿನ ಸಾಲಿನ ಹುಡುಗರು ಬಾಣದ ಹಾಗೆ ನುಗ್ಗಿದರು. ಹಿಂದಿನಿಂದ ಫೋಟೊಗ್ರಾಫರ್ ‘ಸಾರ್, ಕಣ್ ಮುಚ್‌ಬಿಟ್ರಿ, ಇನ್ನೊಂದ್ಸಲ’ ಎಂದ. ನೂರು ಮೀಟರ್ ಓಡಿದ್ದವರನ್ನು ಮೈಕಿನಲ್ಲಿ ವಾಪಸ್ ಕರೆದರು. ಹಾಗೆ ತಿರುಗಿ ಬಂದವರಲ್ಲಿ ಒಬ್ಬ ಕಡ್ಡಿ ಹುಡುಗನಿದ್ದ. ಹಿಂದಿನ ರಾತ್ರಿಯೇ ಊರಿಂದ ಬಂದು ಸಬರ್ಬ್ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದನಂತೆ. ಭಾಷಣದ ಉದ್ದಕ್ಕೂ ಅವನು ಒಂದೊಂದೇ ಕಾಲೆತ್ತಿ ತೊಡೆ ಅಲುಗಿಸುತ್ತಾ ನಿಂತಿದ್ದ. ತಾವದನ್ನು ಉತ್ಸಾಹ ಎಂದುಕೊಂಡು ಅವನ ಕಡೆ ಕೈ ಬೀಸಿದಿರಿ.

ಗೆದ್ದವನೂ ಅವನೇ. ಬಹುಮಾನ ಐದು ಸಾವಿರ. ಬಾಗಿಲಷ್ಟು ಅಗಲದ ಚೆಕ್ಕನ್ನು ತಾವು ಅವನ ಕೈಗಿಟ್ಟಿರಿ. ಅದರಲ್ಲಿ ಅವನ ಹೆಸರು ಸ್ಕೆಚ್ ಪೆನ್ನಿನಲ್ಲಿ, ತಮ್ಮ ಭಾವಚಿತ್ರ ಬಣ್ಣದಲ್ಲಿ. ‘ದುಡ್ಡು ಯಾವಾಗ ಸಾರ್?’ ಎಂದು ಹುಡುಗ ಓಟ ಏರ್ಪಡಿಸಿದವರ ಖಜಾಂಚಿಯವರನ್ನು ಕೇಳಿದ. ‘ಅಕೌಂಟ್ ನಂಬರ್ ಬರೆಸ್ಬಿಟ್ಟು ಹೋಗು, ಹಾಕ್ತೀವಿ’ ಎಂದರು ಅವರು. ಚೆಕ್ಕು ಬಸ್ಸಿನ ಬಾಗಿಲಲ್ಲಿ ಹಿಡಿಸುವಂಥದ್ದಲ್ಲ. ಅವನು ಅದನ್ನು ಹೊಂಗೆ ಮರಕ್ಕೆ ಒರಗಿಸಿ ಹೊರಟುಹೋದ. ಈಗ ಅದು ಮೂಲೆಯ ಇಡ್ಲಿ ಗಾಡಿಯಲ್ಲಿ ಒಲೆಗೆ ಗಾಳಿ ತಾಗದ ಹಾಗೆ ನಿಂತಿದೆ. ತಮ್ಮ ನಗುಮುಖ ಒಳಗಡೆಗಿದೆ, ಸ್ವಲ್ಪ ಹಬೆ ಹಿಡಿದಿದೆ.

ನೀರಿನ ಮೇಜಿನ ವಿಷಯ ದೊಡ್ಡದು ಮಾಡುವುದಿಲ್ಲ. ಮೇಜಿತ್ತು. ನೀರು ಕೊಡಬೇಕಾದವರು ತಮ್ಮ ಜೊತೆ ಗ್ರೂಪ್ ಫೋಟೊದಲ್ಲಿದ್ದರು.

ನಾನು ಪತ್ರ ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ತಮ್ಮ ಕಟೌಟಿನ ಮುಂದೆಯೇ ಓಟ ಹಾದುಹೋಗಲಿ ಎಂದು ಕೊನೇ ಗಳಿಗೆಯಲ್ಲಿ ದಾರಿ ಬದಲಾಯಿತಲ್ಲ, ಆಗ ಬಡಾವಣೆಯ ಎರಡನೇ ಹಂತದ ಸುತ್ತು ಇಡಿಯಾಗಿ ಬಿಟ್ಟುಹೋಯಿತು. ಮುಗಿಸಿದಾಗ ನನ್ನ ವಾಚು 9.1 ತೋರಿಸಿತು, ಪಕ್ಕದ ಮನೆಯವರದು 9.3. ಮರದ ನೆರಳಲ್ಲಿ ವಾಚುಗಳು ಸುಳ್ಳು ಹೇಳುತ್ತವೆ, ಒಪ್ಪಿದೆ. ಆದರೆ ಇಬ್ಬರದೂ ಹತ್ತರ ಹತ್ತಿರಕ್ಕೂ ಬರಲಿಲ್ಲ. ಖಜಾಂಚಿಯವರನ್ನು ಕೇಳಿದರೆ ‘ಸ್ಕೂಟರ್ ಮೀಟರಲ್ಲಿ ಕರೆಕ್ಟಾಗಿ ಹತ್ತು ಬಂದಿದೆ’ ಎಂದರು. ಆ ಸ್ಕೂಟರಿನ ಪೆಟ್ರೋಲ್ ಮುಳ್ಳು ಸದಾ ಫುಲ್ ತೋರಿಸುತ್ತದೆ ಎಂಬುದು ಇಡೀ ಬೀದಿಗೆ ಗೊತ್ತು.

ರಸ್ತೆ ಓಟದ ದಾರಿಯನ್ನು ಅಳೆಯುವುದು ಸೈಕಲ್ಲಿನಲ್ಲಿ, ಸನ್ಮಾನ್ಯರೇ. ಮೊದಲು ಸ್ಟೀಲ್ ಟೇಪಿನಲ್ಲಿ ನೇರವಾದೊಂದು ರಸ್ತೆಯನ್ನು ಅಳೆದು, ಅದರ ಮೇಲೆ ಸೈಕಲ್ ಓಡಿಸಿ ಚಕ್ರದ ಲೆಕ್ಕ ಹಿಡಿಯುತ್ತಾರೆ. ಮುಂದಿನ ಚಕ್ರಕ್ಕೆ ಸಿಕ್ಕಿಸಿದ ಪುಟ್ಟ ಎಣಿಕೆಯಂತ್ರ ಸುತ್ತುಗಳನ್ನು ಎಣಿಸುತ್ತದೆ. ತಿರುವುಗಳಲ್ಲಿ ಓಟಗಾರ ಹಿಡಿಯಬಹುದಾದ ಅತಿ ಹತ್ತಿರದ ದಾರಿಯನ್ನೇ ಹಿಡಿಯಬೇಕು, ರಸ್ತೆಯಂಚಿನ ಕಲ್ಲಿನಿಂದ 30 ಸೆಂಟಿಮೀಟರ್ ದೂರದಲ್ಲಿ. ಇಷ್ಟೆಲ್ಲ ಮಾಡಿದ ಮೇಲೂ ಕಡಿಮೆ ಬೀಳಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಸೇರಿಸುತ್ತಾರೆ. ಅಂದರೆ ಹತ್ತು ಕಿ.ಮೀ.ಗೆ ಹತ್ತು ಮೀಟರ್ ಕೊಸರು, ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ತರಕಾರಿ ತೂಗಿದ ಮೇಲೆ ಎರಡು ಮೆಣಸಿನಕಾಯಿ ಹಾಕಿದ ಹಾಗೆ. ಈ ಓಟದ ಲೋಕದ ಕಟ್ಟುನಿಟ್ಟು ಎಷ್ಟೆಂದರೆ, ಗಾಳಿ ತಡೆಯಲು ಜೊತೆಗಾರರು ಸರದಿಯ ಮೇಲೆ ಬದಲಾಗುತ್ತ ಓಡಿದರು ಎಂಬಂಥ ಕಾರಣಗಳಿಗೆ ಕಿಪ್ಚೋಗೆಯ ಆ ವಿಯೆನ್ನಾ ಓಟವನ್ನೇ ವಿಶ್ವದಾಖಲೆ ಎಂದು ಒಪ್ಪಲಿಲ್ಲ. ನಮ್ಮಲ್ಲಿ ಎಲ್ಲರದೂ ದಾಖಲೆಯೇ.

ನನ್ನದೂ. ಇದನ್ನು ಮುಚ್ಚಿಡಬಾರದು. ಎರಡು ವರ್ಷದಿಂದ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ತೇಕುತ್ತಿರುವ ನನ್ನ ಹತ್ತು ಕಿ.ಮೀ. 65 ನಿಮಿಷಕ್ಕೆ ಇಳಿದದ್ದಿಲ್ಲ. ಅಂದು 59 ನಿಮಿಷ 20 ಸೆಕೆಂಡ್! ದೂರ ನೋಡುವುದಕ್ಕೂ ಮೊದಲೇ ಪದಕ ಕಚ್ಚಿಕೊಂಡ ಫೋಟೊ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹೋಗಿತ್ತು. ಶಿವಮೊಗ್ಗದಿಂದ ಬೀಗರು ಫೋನ್ ಮಾಡಿ ‘ಈ ವಯಸ್ಸಲ್ಲಿ ಗಂಟೆ ಒಳಗೆ ಅಂದ್ರೆ ಸುಮ್ನೇನಾ’ ಎಂದರು. ಆಮೇಲೆ ವಾಚು ನೋಡಿದೆ. ಸ್ಟೇಟಸ್ ತೆಗೆಯಲಿಲ್ಲ. ಇಪ್ಪತ್ನಾಲ್ಕು ಗಂಟೆಗೆ ಅದೇ ಹೋಗುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ತಾವು ಕದ್ದ ಒಂಬೈನೂರು ಮೀಟರಿನಲ್ಲಿ ನನ್ನದೊಂದು ಪಾಲಿದೆ. ಬೀಗರಿಗೆ ಇನ್ನೂ ಹೇಳಿಲ್ಲ.

ಬರುವ ಭಾನುವಾರ ಬೆಳಗ್ಗೆ ಐದೂವರೆಗೆ, ವಾಹನ ಓಡಾಟ ಶುರುವಾಗುವ ಮುಂಚೆ, ನಾವು ನಾಲ್ಕು ಜನ ಟೇಪು, ಸೈಕಲ್ಲು ಹಿಡಿದು ದಾರಿ ಅಳೆಯಲು ಹೊರಡುತ್ತೇವೆ. ಕಿಲೋಮೀಟರಿಗೊಂದು ಗುರುತು ಹಾಕಲು ಬಿಳಿ ಪೇಂಟಿನ ಡಬ್ಬಿ ಹಿಡಿಯುವ ಒಬ್ಬರು ಬೇಕು. ತಾವು ಬಂದರೆ ಸಂತೋಷ. ಪೇಟ, ಹಾರ ಇರುವುದಿಲ್ಲ. ಐದು ಮೂವತ್ತೊಂದಕ್ಕೆ ಬಂದರೆ ನಾವೂ ಇರುವುದಿಲ್ಲ.

ಇಂತಿ ತಮ್ಮ ವಿಧೇಯ,
ಬಿಬ್ ನಂಬರ್ 417