ಬೆರ್ಚಪ್ಪನ ಮೈಗೆ ಬಿಳಿ ಗೌನು

ಮಲೆನಾಡಿನ ಅಡಿಕೆ ಮನೆಗೂ ಬಿಳಿ ಬಟ್ಟೆಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮಳೆಗಾಲದಲ್ಲಿ ಬೂಷ್ಟು, ಬೇಸಿಗೆಯಲ್ಲಿ ಕೆಂಪು ಧೂಳು, ನಡುವಿನ ಚಳಿಯಲ್ಲಿ ಅಡಿಕೆ ಚೊಗರು. ನಮ್ಮ ಮಾವನವರ ಬಿಳಿ ಪಂಚೆಗಳೆಲ್ಲ ಕೊಂಡ ವರ್ಷವೇ ಸನ್ಯಾಸ ಸ್ವೀಕರಿಸಿ ಕಾವಿಗೆ ತಿರುಗುತ್ತವೆ. ಶೃಂಗೇರಿ ಹತ್ತಿರವೇ ಇದೆ, ಹಾಗಾಗಿ ಯಾರೂ ಆಶ್ಚರ್ಯಪಡುವುದಿಲ್ಲ.

ಇಂಥ ಮನೆಯ ಸೊಸೆಯಾದ ನಾನು, ಕೊಪ್ಪದ ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಕೂತು ನೋಟ್ಸ್ ಕಾಪಿ ಮಾಡಿಕೊಂಡಿದ್ದ ಗೆಳತಿಗೆ ಮದುವೆಯ ಬಿಳಿ ಗೌನು ಹೊಲಿದುಕೊಡುತ್ತೇನೆಂದು ಮಾತು ಕೊಟ್ಟೆ. ಅವಳು ನರಸಿಂಹರಾಜಪುರದ ಕ್ರೈಸ್ತರ ಮನೆಯವಳು. ಅಜ್ಜ ಕೇರಳದಿಂದ ಬಂದು ಭದ್ರಾ ಹಿನ್ನೀರಿನ ಆಚೆ ರಬ್ಬರು, ಮೆಣಸು ನೆಟ್ಟವರು. "ಬೆಂಗಳೂರಲ್ಲಿ ಗೌನಿನ ಬಾಡಿಗೆ ಕೇಳಿದ್ರೆ ತಲೆ ತಿರುಗುತ್ತೆ ಮಾರಾಯ್ತಿ" ಎಂದಳು. "ಬಾಡಿಗೆ ಎಂಥಕ್ಕೆ? ನಾನಿಲ್ವಾ?" ಎಂದುಬಿಟ್ಟೆ. ಆವರೆಗೆ ನಾನು ಹೊಲಿದದ್ದು ರವಿಕೆ, ದಿಂಬಿನ ಚೀಲ, ಮಗಳ ಯೂನಿಫಾರಂ ಮತ್ತು ಕೊಟ್ಟಿಗೆಯ ಕರುವಿಗೊಂದು ಸೊಳ್ಳೆಪರದೆ. ಅದರಲ್ಲಿ ಚೆನ್ನಾಗಿ ಕೂತದ್ದು ಸೊಳ್ಳೆಪರದೆ ಒಂದೇ.

ನಮ್ಮ ಯಜಮಾನರಿಗೆ ವಿಷಯ ತಿಳಿದಾಗ ಕುವೆಂಪು ನೆನಪಾದರು. ಖರ್ಚಿನ ಮಾತು ಬಂದಾಗಲೆಲ್ಲ ಅವರಿಗೆ ಕುವೆಂಪು ನೆನಪಾಗುತ್ತಾರೆ. "ನಮ್ಮ ತಾಲೂಕಿನ ಹಿರೇಕೊಡಿಗೆಯಲ್ಲೇ ಹುಟ್ಟಿದ ಮಹಾನುಭಾವ. 1966ರಲ್ಲಿ ಮಗ ತೇಜಸ್ವಿಗೆ ಆಡಂಬರವೇ ಇಲ್ಲದ ಮಂತ್ರಮಾಂಗಲ್ಯದಲ್ಲಿ ಮದುವೆ ಮಾಡಿದ್ರು. ಅದರಲ್ಲಿ ಗೌನಿನ ಪ್ರಸ್ತಾಪ ಎಲ್ಲಾದ್ರೂ ಇದೆಯಾ?" ಇಲ್ಲ, ನಿಜ. ಆದರೆ ನಮ್ಮ ಮದುವೆಗೆ ಬೆಳ್ಳಿಗುಂಡಿಯ ಕೋಟು ಕೇಳಿ ಹೊಲಿಸಿಕೊಂಡಾಗ ಈ ಮಹಾನುಭಾವರಿಗೆ ಹಿರೇಕೊಡಿಗೆಯ ದಾರಿ ಗೊತ್ತಿರಲಿಲ್ಲ.

ಸಿಟ್ಟು ಬರಬೇಕಾದದ್ದು ವಿಕ್ಟೋರಿಯಾ ರಾಣಿಯ ಮೇಲೆ. 1840ರಲ್ಲಿ ಆಕೆ ಬಿಳಿ ಸ್ಯಾಟಿನ್ ಉಟ್ಟು ಮದುವೆಯಾದ ಮೇಲೆಯೇ ಬಿಳಿ ಗೌನಿನ ಗೀಳು ಊರೂರಿಗೆ ಹಬ್ಬಿದ್ದು. ಅದಕ್ಕೆ ಮುಂಚೆ ಅಲ್ಲಿಯ ಹೆಣ್ಣುಮಕ್ಕಳು ಕೈಗೆ ಸಿಕ್ಕ ಒಳ್ಳೆಯ ಬಣ್ಣದ ಬಟ್ಟೆ ತೊಟ್ಟು ಸುಖವಾಗಿ ಮದುವೆಯಾಗುತ್ತಿದ್ದರು. ರಾಣಿಗೇನು, ಅಡಿಕೆ ತೋಟ ಇರಲಿಲ್ಲ. ಗೆಳತಿಯ ಅಜ್ಜಿಯ ಕಾಲಕ್ಕೆ ಚಟ್ಟ ಎಂಬ ರವಿಕೆ, ಮುಂಡು ಎಂಬ ಪಂಚೆ. ಅದೂ ಬಿಳಿಯೇ. ಆದರೆ ಚಟ್ಟಕ್ಕೆ ಡಾರ್ಟಿಲ್ಲ, ಕಟೋರಿಯಿಲ್ಲ. ಮುಂಡಿಗಂತೂ ಹೊಲಿಗೆಯೇ ಬೇಡ, ಹಿಂದುಗಡೆ ಬೀಸಣಿಗೆ ಹಾಗೆ ನಿರಿಗೆ ಬಿಟ್ಟರಾಯಿತು. "ನಿಮ್ಮಜ್ಜಿಯ ಸಂಪ್ರದಾಯ ಎಷ್ಟು ಚೆಂದ" ಎಂದು ನಾನು ಭಾವುಕಳಾಗಿ ಹೇಳಿದೆ. ಗೆಳತಿ ಜಾಣೆ. "ನಿಂಗೆ ಹೊಲಿಯಕ್ಕೆ ಬರಲ್ಲ ಅಂತ ಹೇಳು" ಎಂದಳು. ಆಮೇಲೆ ಹಿಂದೆ ಸರಿಯುವ ದಾರಿ ಉಳಿಯಲಿಲ್ಲ.

ಬಟ್ಟೆ ಹುಡುಕಿಕೊಂಡು ಶೃಂಗೇರಿಗೆ ಹೋದೆ. ಮಠದ ಬೀದಿಯಲ್ಲಿ ಬಿಳಿ ಅಂದರೆ ಪಂಚೆ. ಮದುವೆಗೆ ಬಿಳಿ ಬೇಕು ಎಂದರೆ ಧಾರೆ ಸೀರೆ ಬಿಚ್ಚಿ ಹಾಸಿದರು. ಕೆಂಪಂಚು ಬೇಡ ಎಂದಾಗ ಅಂಗಡಿಯವರು ನನ್ನ ಹಣೆ, ಕತ್ತು ಎರಡನ್ನೂ ನೋಡಿ ದನಿ ಇಳಿಸಿದರು. ಕೊನೆಗೆ ಸ್ಯಾಟಿನ್ ಸಿಕ್ಕಿದ್ದು ಶಿವಮೊಗ್ಗದಲ್ಲಿ.

ಪೂರ್ತಿ ವೃತ್ತದ ಲಂಗ ಎಂದರೆ ಹೊಲಿಗೆಗಿಂತ ಮೊದಲು ಗಣಿತ. 28 ಇಂಚಿನ ಸೊಂಟವನ್ನು ಎರಡು ಪೈಯಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ ಇಂಚಿನ ತ್ರಿಜ್ಯ, ಅದರ ಮೇಲೆ 42 ಇಂಚು ಉದ್ದ. ಹತ್ತನೇ ತರಗತಿಯಲ್ಲಿ ಪೈಯನ್ನು ಬೈದಿದ್ದಕ್ಕೆ ಅದು ಇಷ್ಟು ವರ್ಷ ಕಾದು ಸೇಡು ತೀರಿಸಿಕೊಂಡಿತು. ಹಳೆಯ ಪೇಪರುಗಳನ್ನು ಅಂಟಿಸಿ ಮಾದರಿ ಕತ್ತರಿಸಿದೆ. ಸಂಜೆ ಮಾವನವರು ಹಿಂದಿನ ವಾರದ ಅಡಿಕೆ ಧಾರಣೆ ನೋಡಬೇಕೆಂದು ಮನೆಯೆಲ್ಲ ಹುಡುಕಿದರು. ಅದು ವಧುವಿನ ಎಡಭುಜದಲ್ಲಿತ್ತು. ರಾಶಿ ಅಡಿಕೆಯ ರೇಟು ಪೂರ್ತಿ ಸಿಕ್ಕಿತು. ಬೆಟ್ಟೆಯದ್ದು ಅರ್ಧ ಕಂಕುಳಿಗೆ ಹೋಗಿತ್ತು.

ಇನ್ನು ಜಾಗ. ಹರಡಿದರೆ ಎಂಟಡಿ ಅಗಲದ ಬಟ್ಟೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗುತ್ತಿತ್ತು, ಜಗಲಿಯಲ್ಲಿ ಹಸಿ ಕೊನೆ ಬಿದ್ದಿತ್ತು, ಹಿತ್ತಲಲ್ಲಿ ಹಂಡೆ ಕುದಿಯುತ್ತಿತ್ತು. ಈ ಮದುವೆಗೆ ಬೇರೆ ತಿಂಗಳು ಸಿಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಅವರಲ್ಲಿ ಕ್ರಿಸ್‌ಮಸ್ಸಿಗೆ ಮುಂಚೆ 25 ದಿನದ ನೋಂಬು ಎಂಬ ವ್ರತ, ಈಸ್ಟರಿಗೆ ಮುಂಚೆ 50 ದಿನದ್ದು. ನೋಂಬಿನಲ್ಲಿ ಮದುವೆಯಿಲ್ಲ. ಹಾಗಾಗಿ ಎರಡರ ನಡುವೆ ಸಿಕ್ಕ ಜನವರಿಗೆ ಎಲ್ಲರೂ ಮುಗಿಬೀಳುತ್ತಾರೆ. ಅಡಿಕೆಯೂ ಅದೇ ಜನವರಿಗೆ ಮುಗಿಬೀಳುತ್ತದೆ. ಉಪ್ಪರಿಗೆಯ ನೆಲ ಒರೆಸಿ, ಹಳೇ ಸೀರೆ ಹಾಸಿ, ಉಷಾ ಮೆಷಿನ್ನನ್ನು ಅಲ್ಲಿಗೇ ಹೊರಿಸಿದೆ. ಮೆಟ್ಟಿಲಿಗೆ ಅಡ್ಡ ಹಗ್ಗ ಕಟ್ಟಿ, ಕೈ ತೊಳೆಯದವರಿಗೆ ಪ್ರವೇಶವಿಲ್ಲ ಎಂದು ಸಾರಿದೆ. "ಗರ್ಭಗುಡಿ ಮಾಡಿಟ್ಟಿದ್ದಾಳೆ" ಎಂದರು ಅತ್ತೆ. ಕಲೆಯಾದರೆ ಏನು ಮಾಡುವುದೆಂಬ ನನ್ನ ಚಿಂತೆಗೂ ಅವರ ಹತ್ತಿರ ಪರಿಹಾರವಿತ್ತು: "ಇಡೀ ಗೌನನ್ನೇ ಚೊಗರಿನ ಹಂಡೆಗೆ ಅದ್ದಿ ತೆಗಿ. ಎಲ್ಲ ಒಂದೇ ಬಣ್ಣ ಆಗುತ್ತೆ."

ಸ್ಯಾಟಿನ್ ಎನ್ನುವುದು ಹಗೆ ಮರೆಯದ ಬಟ್ಟೆ. ಒಮ್ಮೆ ಸೂಜಿ ಚುಚ್ಚಿದರೆ ಆ ತೂತು ಅಲ್ಲೇ ಇರುತ್ತದೆ, ಹೊಲಿಗೆ ಬಿಚ್ಚಿದರೆ ಚುಕ್ಕಿಸಾಲು ಉಳಿಯುತ್ತದೆ. ರವಿಕೆಯಾದರೆ ಬಿಚ್ಚುವುದೇ ನನ್ನ ಮುಖ್ಯ ಕಲೆ. ಆ ಕಲೆಗೆ ಇಲ್ಲಿ ಅವಕಾಶವೇ ಇರಲಿಲ್ಲ. ಹಾಗಾಗಿ ಎದೆಭಾಗದ ಹೊಲಿಗೆ ಅಷ್ಟಿಷ್ಟು ಓಲಾಡಿದ ಕಡೆಗಳಲ್ಲೆಲ್ಲ ಮುತ್ತು ಕೂರಿಸುತ್ತ ಹೋದೆ. ಮುತ್ತಿನ ಕೆಲಸ ಎಷ್ಟು ಧಾರಾಳ ಎಂದು ಆಮೇಲೆ ಎಲ್ಲರೂ ಹೊಗಳಿದರು.

ವೃತ್ತದ ಲಂಗದ್ದು ಇನ್ನೊಂದು ಕಾಟ. ಓರೆಯೆಳೆಗೆ ಬಂದ ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಅದನ್ನು ರಾತ್ರಿಯಿಡೀ ಇಳಿಬಿಟ್ಟು, ಜಗ್ಗುವಷ್ಟು ಜಗ್ಗಿದ ಮೇಲೆಯೇ ಅಂಚು ಸಮ ಕತ್ತರಿಸಿ ಮಡಿಚಬೇಕು. ಇಳಿಬಿಡಲು ಸೊಂಟವಿರುವ ಗೊಂಬೆ ಬೇಕು. ನಮ್ಮಲ್ಲಿದ್ದ ಗೊಂಬೆ ಒಂದೇ, ಗದ್ದೆಯಿಂದ ಎತ್ತಿಟ್ಟಿದ್ದ ಬೆರ್ಚಪ್ಪ. ಅದರ ಮಡಕೆ ತಲೆ ತೆಗೆದು, ಹುಲ್ಲಿನ ಮೈಗೆ ಹಾಸುಬಟ್ಟೆ ಸುತ್ತಿ, ಸೊಂಟ 28ಕ್ಕೆ ಬರುವಂತೆ ಬಿಗಿದು, ಗೌನು ತೊಡಿಸಿ, ಉಪ್ಪರಿಗೆಯ ಕಿಟಕಿಗೆ ಮುಖ ಮಾಡಿ ನಿಲ್ಲಿಸಿದೆ. ತಲೆಯಿಲ್ಲ ಎನ್ನುವುದೊಂದು ಬಿಟ್ಟರೆ ಲಕ್ಷಣವಾಗಿತ್ತು.

ಆ ರಾತ್ರಿ ಅಡಿಕೆ ಸುಲಿಯಲು ಬಂದವರು ಮೆಟ್ಟುಗತ್ತಿಯ ಮೇಲೆ ಕೂತು ಮಾತಾಡುತ್ತಿದ್ದಾಗ ಒಬ್ಬರು ತಲೆ ಎತ್ತಿ ನೋಡಿದ್ದಾರೆ. ಬೆಳದಿಂಗಳಲ್ಲಿ ಬಿಳಿ ಗೌನು, ಮೇಲೆ ತಲೆ ಇಲ್ಲ. ಮಾರನೆಯ ದಿನ ಸುಲಿಯಲು ಒಬ್ಬರೂ ಬರಲಿಲ್ಲ. ಗೌಡರ ಮನೆ ಉಪ್ಪರಿಗೆಗೆ ಮೋಹಿನಿ ಬಂದಿದೆ ಎಂಬ ಸುದ್ದಿ ಹಾಲಿನ ಡೈರಿ ತಲುಪಿ ವಾಪಸ್ಸು ನಮ್ಮ ಮನೆಗೇ ಬಂತು. ಬೆಳಿಗ್ಗೆ ಹೆಂಚು ಹಾರಿಕೊಂಡು ಬರುವ ಮಂಗಗಳೂ ಬರಲಿಲ್ಲ. ಪಟಾಕಿ, ಕವಣೆ, ಹುಲಿ ಗೊಂಬೆ ಯಾವುದಕ್ಕೂ ಜಗ್ಗದ ಮಂಗಗಳು. ಮಾವನವರು ಬಾಳೆಗೊನೆ ಇಡಿಯಾಗಿ ಉಳಿದದ್ದನ್ನು ಕಂಡು, ಜೀವನದಲ್ಲಿ ಮೊದಲ ಬಾರಿಗೆ ನನ್ನ ಹೊಲಿಗೆಯನ್ನು ತಲೆಯಿಂದ ಬುಡದವರೆಗೆ ಗಮನವಿಟ್ಟು ನೋಡಿದರು.

ಆದರೆ ಕೊಯ್ದ ಕೊನೆ ಕಾಯುವುದಿಲ್ಲ. ಮನೆಯವರೇ ಸುಲಿಯಬೇಕಾಯಿತು, ಮೋಹಿನಿಯನ್ನು ಕರೆತಂದ ತಪ್ಪಿಗೆ ದೊಡ್ಡ ಪಾಲು ನನಗೆ. ಅಡಿಕೆಯ ಒಗರಿಗೆ ಕತ್ತಿಯ ಕಬ್ಬಿಣ ಸೇರಿದರೆ ಬೆರಳು ಶಾಯಿ ಕುಡಿದ ಹಾಗೆ ಕಪ್ಪಾಗುತ್ತದೆ. ಲಿಂಬೆಹಣ್ಣು ತಿಕ್ಕಿದೆ, ಮೊಸರು ತಿಕ್ಕಿದೆ, ಉರಿ ಬಂತೇ ಹೊರತು ಕಪ್ಪು ಹೋಗಲಿಲ್ಲ. ಗೌನಿನ ಅಂಚು ಮಾತ್ರ ಬಾಕಿ, ಅದೂ ಕೈಹೊಲಿಗೆ. ಅತ್ತೆಯ ಕೈ ಕಪ್ಪು, ಮಾವನ ಕೈ ಕಪ್ಪು. ಇಡೀ ಮನೆಯಲ್ಲಿ ಬೆಳ್ಳಗಿದ್ದ ಕೈ ಒಂದೇ ಜೊತೆ. ತೋಟದ ಲೆಕ್ಕ ಬರೆಯುವುದೇ ಮಹಾ ದುಡಿಮೆ ಎಂದು ನಂಬಿರುವ ನಮ್ಮ ಯಜಮಾನರದ್ದು.

ಸೂಜಿಗೆ ದಾರ ಪೋಣಿಸುವುದಕ್ಕೇ ಕುವೆಂಪು ಇನ್ನೊಮ್ಮೆ ನೆನಪಾದರು. ಆಮೇಲೆ ಗದ್ದೆ ಅಳೆಯುವವರ ಗತ್ತಿನಲ್ಲಿ ಕೂತು, ಕಾಲಿಂಚಿಗೊಂದರಂತೆ, ಸ್ಕೇಲು ಇಟ್ಟುಕೊಂಡು ಹಾಕುತ್ತ ಹೋದರು. ನಾನು ದೂರದಲ್ಲಿ ಕಪ್ಪು ಕೈ ಕಟ್ಟಿಕೊಂಡು ನಿಂತು ಹೇಳಿಕೊಟ್ಟೆ. ಮನುಷ್ಯ ಕೇಳಲಿಲ್ಲ. ಕೇಳದೆ ನನಗಿಂತ ಚೆನ್ನಾಗಿ ಹೊಲಿದರು.

ಮದುವೆಯಲ್ಲಿ ಗೌನಿನ ಆಯುಷ್ಯ ಎಷ್ಟೆಂದು ನನಗೆ ಮೊದಲೇ ತಿಳಿದಿರಲಿಲ್ಲ. ವರ ಮಿನ್ನು, ಅಂದರೆ ತಾಳಿ, ಕಟ್ಟುತ್ತಾನೆ. ಅದರ ದಾರವನ್ನು ಮಂತ್ರಕೋಡಿ ಎಂಬ ಮದುವೆ ಸೀರೆಯಿಂದ ಎಳೆದ ಏಳು ಎಳೆಗಳಿಂದ ಹೊಸೆದಿರುತ್ತಾರೆ. ಆಮೇಲೆ ಅದೇ ಸೀರೆಯನ್ನು ವಧುವಿನ ತಲೆಯ ಮೇಲೆ ಹೊದಿಸುತ್ತಾನೆ. ನನ್ನ ಮುತ್ತಿನ ಕೆಲಸವೆಲ್ಲ ರೇಷ್ಮೆಯ ಕೆಳಗೆ ಹೋಯಿತು. ಚರ್ಚಿನಿಂದ ಹೊರಬಂದು ಫೋಟೋ ಮುಗಿದದ್ದೇ ಅವಳು ಆ ಸೀರೆ ಉಡಲು ಹೊರಟಳು. ಸೀರೆಯ ಕೆಳಗೆ ಕಾಣುತ್ತಿದ್ದದ್ದು ಗೌನಿನ ಅಂಚೊಂದೇ. ಒಬ್ಬ ಅಮ್ಮಚ್ಚಿ ಬಗ್ಗಿ ಅದನ್ನು ಬೆರಳಲ್ಲಿ ಹಿಡಿದು ನೋಡಿ, ಇಷ್ಟು ಸಣ್ಣ ಹೊಲಿಗೆ ಯಾರದ್ದೆಂದು ಕೇಳಿದರು. ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು. ಊಟ ಮುಗಿಯುವುದರೊಳಗೆ ಮೊಮ್ಮಗಳ ಕಮ್ಯೂನಿಯನ್ ಫ್ರಾಕಿನ ಮಾತುಕತೆಯೂ ಆಯಿತು, ಅವರ ಹತ್ತಿರ.

ಮನೆಗೆ ಬಂದರೆ ಮಾವನವರು ಉಳಿದ ಸ್ಯಾಟಿನ್ ತುಂಡುಗಳನ್ನೆಲ್ಲ ಜಗಲಿಯಲ್ಲಿ ಹರಡಿಕೊಂಡು ಬೆರ್ಚಪ್ಪನ ಪಕ್ಕ ಕೂತಿದ್ದರು.

"ಏಲಕ್ಕಿ ಬದಿಗೆ ಒಂದು ಗೌನು ಬೇಕು. ಮಂಗ ಪುನಃ ಬಂದಾವೆ. ಮೇಲಿನದ್ದು ನೀನೇ ಹೊಲಿ, ಮೊದಲಿನ ಹಾಗೇ, ನೋಡಿದ್ರೆ ಹೆದರಿಕೆ ಆಗೋ ಹಾಗೆ. ಅಂಚು ಬೇಕಾದ್ರೆ ಅವನು ಹೊಲೀಲಿ."