ದ್ವಾದಶಮುಖ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲಿಗೇ ಹೇಳಬೇಕೆಂಬುದು ಹಿರಿಯರ ಅಪ್ಪಣೆ. ಪ್ರಸ್ತುತ ಪ್ರಬಂಧದ ವಿಷಯ ಒಂದು ಕಂಚಿನ ಗುಂಡು. ಪ್ರಯೋಜನವೇನೆಂದು ಯಾರಿಗೂ ತಿಳಿಯದು. ಇದು ಗುಂಡಿಗೂ ಪ್ರಬಂಧಕ್ಕೂ ಸಮಾನವಾಗಿ ಅನ್ವಯಿಸುವ ಮಾತು. ಅಟ್ಟದ ಮೇಲಿನ ಕಿಲುಬು ಹಿಡಿದ ಸಾಮಾನೊಂದನ್ನು ಕೈಗೆತ್ತಿಕೊಂಡು, ‘ಇದೇನಪ್ಪಾ ಇದು’ ಎಂದು ಒಮ್ಮೆಯಾದರೂ ತಿರುವಿ ನೋಡಿದ ಪ್ರತಿಯೊಬ್ಬರೂ ಇದನ್ನೋದಲು ಅಧಿಕಾರಿಗಳು. ಇನ್ನುಳಿದ ಸಂಬಂಧ ಚಿತ್ರದುರ್ಗದ ಮೂಲಕ ಬರಲಿದೆ.

ಲಕ್ಷಣ

ವಸ್ತುವಿಗೆ ಹನ್ನೆರಡು ಮುಖ. ಒಂದೊಂದೂ ಪಂಚಕೋನ, ಒಂದೊಂದರ ನಡುವೆಯೂ ದುಂಡನೆಯ ತೂತು. ತೂತುಗಳ ಅಳತೆ ಮುಖದಿಂದ ಮುಖಕ್ಕೆ ಬೇರೆ. ಇಪ್ಪತ್ತು ಮೂಲೆಗಳಲ್ಲಿ ಇಪ್ಪತ್ತು ಗುಬುಟು. ಒಳಗೆ ಟೊಳ್ಳು. ಚಿಕ್ಕದು ನಿಂಬೆಹಣ್ಣಿನಷ್ಟು, ದೊಡ್ಡದು ಮೂಸಂಬಿಯನ್ನೂ ಮೀರಿಸೀತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರಿನ ಆಸ್ಟನ್ ಎಂಬಲ್ಲಿ ಸಿಕ್ಕಿದ್ದೊಂದು 1739ರಲ್ಲಿ ಲಂಡನ್ನಿನ ಪ್ರಾಚೀನ ವಸ್ತು ವಿದ್ವಾಂಸರ ಮುಂದೆ ಬಂತು. ಅಂದಿನಿಂದ ಇಂದಿನವರೆಗೆ ಬ್ರಿಟನ್, ಫ್ರಾನ್ಸ್, ಜರ್ಮನಿ, ಬೆಲ್ಜಿಯಂ, ಸ್ವಿಟ್ಜರ್‌ಲೆಂಡುಗಳ ಮಣ್ಣಿನಿಂದ ನೂರಕ್ಕೂ ಹೆಚ್ಚು ಎದ್ದು ಬಂದಿವೆ. ಕಾಲ ಸುಮಾರಾಗಿ ಕ್ರಿ.ಶ. 2ರಿಂದ 4ನೇ ಶತಮಾನ. ಇವನ್ನು ರೋಮನ್ ಡೋಡೆಕಹೀಡ್ರನ್ ಎನ್ನುತ್ತಾರೆ. ಆದರೆ ರೋಮ್ ನಗರವಿರುವ ಇಟಲಿಯಲ್ಲೇ ಇದು ಸಿಕ್ಕಿಲ್ಲ. ಮೈಸೂರಿನಲ್ಲಿ ಸಿಗದ ಮೈಸೂರುಪಾಕನ್ನು ಊಹಿಸಿಕೊಂಡರೆ ವಿದ್ವಾಂಸರ ಕಷ್ಟ ಅರ್ಥವಾದೀತು.

ತೀರಾ ಈಚೆಗೆ, 2023ರ ಬೇಸಿಗೆಯಲ್ಲಿ, ಲಿಂಕನ್‌ಷೈರಿನ ನಾರ್ಟನ್ ಡಿಸ್ನಿ ಹಳ್ಳಿಯ ಹವ್ಯಾಸಿ ಉತ್ಖನನಕಾರರಿಗೆ ಒಂದಿಷ್ಟೂ ಮುಕ್ಕಾಗದ ಗುಂಡೊಂದು ದೊರೆಯಿತು. ಎಂಟು ಸೆಂಟಿಮೀಟರ್ ಎತ್ತರ, ಕಾಲು ಕಿಲೋ ತೂಕ. ತಾಮ್ರ ನೂರಕ್ಕೆ 75, ಸೀಸ 18, ತವರ 7. ಇಷ್ಟೆಲ್ಲ ತಿಳಿಯಿತು.

ಪ್ರಮಾಣ ವಿಚಾರ

ಪ್ರತ್ಯಕ್ಷ, ಅನುಮಾನ, ಶಬ್ದ ಇವು ಜ್ಞಾನದ ದಾರಿಗಳು. ಪ್ರತ್ಯಕ್ಷಕ್ಕೆ ಕೊರತೆಯಿಲ್ಲ, ವಸ್ತುಸಂಗ್ರಹಾಲಯಕ್ಕೆ ಹೋದವರು ಗಾಜಿಗೆ ಮೂಗು ಒತ್ತಿ ನೋಡಬಹುದು. ಶಬ್ದಪ್ರಮಾಣವೋ, ಸೊನ್ನೆ. ಉಳಿದು ಬಂದ ಯಾವ ರೋಮನ್ ಬರಹದಲ್ಲೂ ಇದರ ಹೆಸರಿಲ್ಲ, ಯಾವ ಚಿತ್ರದಲ್ಲೂ ಇದರ ಸುಳಿವಿಲ್ಲ. ಪ್ರಪಂಚದ ಸಮಸ್ತವನ್ನೂ 37 ಸಂಪುಟಗಳಲ್ಲಿ ಬರೆದಿಟ್ಟ ಹಿರಿಯ ಪ್ಲಿನಿ ಕ್ರಿ.ಶ. 79ರಲ್ಲೇ ವೆಸೂವಿಯಸ್ ಉಗುಳಿದಾಗ ತೀರಿಕೊಂಡನಾದ್ದರಿಂದ ಅವನನ್ನು ಕ್ಷಮಿಸೋಣ. ಆಮೇಲಿನವರಿಗೆ ಆ ನೆಪವೂ ಇಲ್ಲ. ಹೀಗಾಗಿ ಉಳಿದದ್ದು ಅನುಮಾನ ಒಂದೇ. ನ್ಯಾಯಶಾಸ್ತ್ರದ ಅರ್ಥದಲ್ಲೂ ಸರಿ, ಅಡುಗೆಮನೆಯ ಅರ್ಥದಲ್ಲೂ ಸರಿ.

ಪೂರ್ವಪಕ್ಷ ಮತ್ತು ಖಂಡನೆ

ದೀಪವಾದಿಗಳ ಪ್ರಕಾರ ಇದು ಮೇಣದಬತ್ತಿ ನಿಲ್ಲಿಸುವ ಕಂಬ. ಸಿಕ್ಕವುಗಳಲ್ಲಿ ಒಂದರೊಳಗೆ ಮೇಣದ ಅಂಶ ಕಂಡದ್ದು ಅವರ ಹೇತು. ಹಾಗಾದರೆ ಉಳಿದವರೆಲ್ಲ ಕತ್ತಲಲ್ಲಿ ಕೂತಿದ್ದರೇ ಎಂದು ಕೇಳಿದರೆ ಮೌನ.

ದ್ಯೂತವಾದಿಗಳು ದಾಳವೆನ್ನುತ್ತಾರೆ. ಮುಖಗಳ ಮೇಲೆ ಅಂಕಿಯಿಲ್ಲ. ತೂತುಗಳು ಸಮನಿಲ್ಲದ್ದರಿಂದ ತೂಕವೂ ಸಮನಿಲ್ಲ. ಇಂಥ ದಾಳ ಶಕುನಿಗೆ ಮಾತ್ರ ಒಪ್ಪೀತು.

ಮಾಪನವಾದಿಗಳು ಎದುರುಬದುರಿನ ಎರಡು ತೂತುಗಳಲ್ಲಿ ಕಣ್ಣಿಟ್ಟು ದೂರ ಅಳೆಯುತ್ತಾರೆ. ಸೈನ್ಯದ ಉಪಕರಣವಾಗಿದ್ದರೆ ಎಲ್ಲಕ್ಕೂ ಒಂದೇ ಅಳತೆ ಇರಬೇಕಿತ್ತಲ್ಲ? ಇಲ್ಲಿ ಒಂದರಂತೆ ಇನ್ನೊಂದಿಲ್ಲ. ಕೃಷಿವಾದಿಗಳು ತೂತಿನಲ್ಲಿ ಹಾಯುವ ಬಿಸಿಲಿನ ಕೋನ ನೋಡಿ ಬಿತ್ತನೆಯ ದಿನ ಹೇಳುತ್ತಾರೆ. ಬ್ರಿಟನ್ನಿನಲ್ಲಿ ಬಿಸಿಲಿಗೆ ಕಾದು ಕೂತ ರೈತನ ಗತಿ ಏನಾಯಿತೆಂದು ಮಾತ್ರ ಹೇಳುವುದಿಲ್ಲ.

ಹೆಣಿಗೆವಾದ ಎಲ್ಲಕ್ಕಿಂತ ಜನಪ್ರಿಯ. ಗುಬುಟುಗಳಿಗೆ ನೂಲು ಸುತ್ತಿ ಕೈಗವಸಿನ ಬೆರಳು ಹೆಣೆಯಬಹುದೆಂದು 2014ರಲ್ಲಿ ವಿಡಿಯೊ ಸಮೇತ ತೋರಿಸಿಕೊಟ್ಟರು. ನೂಲು ನಿಜವಾಗಿಯೂ ಬೆರಳಾಯಿತು! ಆದರೆ ಬೆರಳಿನ ದಪ್ಪವನ್ನು ನಿರ್ಧರಿಸುವುದು ಗುಬುಟುಗಳ ನಡುವಿನ ಅಂತರವೇ ಹೊರತು ತೂತಿನ ಅಗಲವಲ್ಲ. ಗುಬುಟುಗಳೋ ಎಲ್ಲ ಮುಖದಲ್ಲೂ ಸಮದೂರ. ಹೆಬ್ಬೆರಳಿಗೂ ಕಿರುಬೆರಳಿಗೂ ಒಂದೇ ಅಳತೆ ಬರುತ್ತದೆ. ಮೇಲಾಗಿ, ಇಂಥ ಹೆಣಿಗೆ ರೋಮನ್ನರಿಗೆ ಗೊತ್ತಿತ್ತೆನ್ನಲು ಪುರಾವೆಯಿಲ್ಲ.

ಜ್ಯೋತಿಷವಾದಿಗಳ ಬಳಿ ಸ್ವಲ್ಪ ಗಟ್ಟಿ ಸಾಕ್ಷ್ಯವಿದೆ. ಜಿನೀವಾದ ಕೆಥೆಡ್ರಲ್ ಬಳಿ 1982ರಲ್ಲಿ ಸಿಕ್ಕ, ಸೀಸದ ಮೇಲೆ ಬೆಳ್ಳಿ ಹೊದಿಸಿದ ಪುಟ್ಟ ದ್ವಾದಶಮುಖಿಯ ಮೇಲೆ ಹನ್ನೆರಡು ರಾಶಿಗಳ ಹೆಸರುಗಳಿವೆ. ವಿಶ್ವಕ್ಕೇ ಈ ಆಕಾರವನ್ನು ಕೊಟ್ಟ ಪ್ಲೇಟೋನ ಬೆಂಬಲವೂ ಇದೆ. ಅದರಲ್ಲಿ ತೂತಿಲ್ಲ, ಇದರಲ್ಲಿ ರಾಶಿಯಿಲ್ಲ ಎಂಬುದಷ್ಟೇ ತೊಡಕು. ಕೊನೆಗೆ ‘ಯಾವುದೋ ಪೂಜೆಯ ಸಾಮಾನು’ ಎಂಬ ಪಕ್ಷ. ಪುರಾತತ್ತ್ವದಲ್ಲಿ ಉಪಯೋಗ ಹೊಳೆಯದ ವಸ್ತುಗಳೆಲ್ಲ ಹೋಗಿ ಸೇರುವ ದೇವರಕೋಣೆ ಅದು.

ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ಕಂಡವನ ದೃಷ್ಟಾಂತ ವೇದಾಂತಿಗಳಿಗೆ ಹಳೆಯದು. ಅಕ್ಕಸಾಲಿಗೇ ಬೆಳ್ಳಿ ಹೆಚ್ಚು ಕಾಣುತ್ತದೆಂಬುದು ಇಲ್ಲಿಯ ಹೊಸ ಸೇರ್ಪಡೆ. ಹೆಣೆಯುವವರಿಗೆ ಕೈಗವಸು, ಅಳೆಯುವವರಿಗೆ ದುರ್ಬೀನು, ಪಂಚಾಂಗದವರಿಗೆ ರಾಶಿ. ಗುಂಡಿನ ಬಗ್ಗೆ ಬರೆದುದನ್ನೆಲ್ಲ ಓದಿದವರಿಗೆ ಗುಂಡು ತಿಳಿಯದಿದ್ದರೂ ಬರೆದವರ ಕಸುಬು ತಿಳಿಯುತ್ತದೆ. ಈ ದೋಷದಿಂದ ಸಂಪೂರ್ಣ ಮುಕ್ತರಾದ ಪ್ರಬಂಧಕಾರರು ಈಗ ಸಿದ್ಧಾಂತಕ್ಕೆ ಬರುತ್ತಾರೆ.

ಸಿದ್ಧಾಂತ

ಇದು ಚಕ್ಕುಲಿ ಒರಳು.

ಹೇತುಗಳಿವು. ಒಳಗೆ ಟೊಳ್ಳು: ಹಿಟ್ಟು ತುಂಬಲು. ಬೇರೆಬೇರೆ ಅಳತೆಯ ತೂತು: ನಮ್ಮಲ್ಲಿ ಕಳಚಿ ಹಾಕುವ ಬಿಲ್ಲೆಗಳನ್ನು ಅವರು ಒಂದಕ್ಕೊಂದು ಬೆಸೆದೇಬಿಟ್ಟರು, ಹಬ್ಬದ ಹಿಂದಿನ ರಾತ್ರಿ ಬಿಲ್ಲೆ ಹುಡುಕುವ ಗೋಳಿಲ್ಲ. ಗುಬುಟು: ಕೈ ಜಾರದಿರಲು. ಇನ್ನು ಸಂಬಂಧ. ಹರ್ಟ್‌ಫರ್ಡ್‌ಷೈರಿನಲ್ಲೇ ಇರುವ ವೆರುಲೇಮಿಯಂ ಎಂಬ ರೋಮನ್ ಪಟ್ಟಣವನ್ನು 1930ರ ದಶಕದಲ್ಲಿ ಅಗೆದ ಮಾರ್ಟಿಮರ್ ವೀಲರ್, 1947ರಲ್ಲಿ ಚಿತ್ರದುರ್ಗ ಸೀಮೆಗೆ ಬಂದು ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆದರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯಗಳು ಸಿಕ್ಕಿವೆ. ರೋಮಿನ ದುಡ್ಡು ಇಲ್ಲಿಗೆ ಬಂದಿದೆಯೆಂದ ಮೇಲೆ ಬದಲಿಗೆ ಇಲ್ಲಿಂದ ಏನೋ ಹೋಗಿರಲೇಬೇಕು. ಮೆಣಸು ಎನ್ನುತ್ತಾರೆ ಇತಿಹಾಸಕಾರರು. ಬರೀ ಮೆಣಸನ್ನು ಯಾರು ತಿಂದಾರು?

ಆಕ್ಷೇಪ: ಚಕ್ಕುಲಿಗೆ ಮುಳ್ಳು ಬರಲು ನಕ್ಷತ್ರದಂಥ ತೂತು ಬೇಕು, ಇಲ್ಲಿರುವುದೆಲ್ಲ ದುಂಡು. ಸಮಾಧಾನ: ಹಾಗಾದರೆ ಖಾರಸೇವು. ಆಕ್ಷೇಪ: ಒಂದು ಕಡೆ ಒತ್ತಿದರೆ ಹನ್ನೊಂದು ಕಡೆ ಹಿಟ್ಟು ಬರುತ್ತದೆ. ಸಮಾಧಾನ: ಅವಿಭಕ್ತ ಕುಟುಂಬ.

ಇಷ್ಟು ಬರೆದು ಪ್ರಬಂಧಕಾರರು ಗುಂಡಿನ ಚಿತ್ರವನ್ನು ಮನೆಯಾಕೆಗೆ ತೋರಿಸಿದರು. ಆಕೆ ಎರಡು ನಿಮಿಷ ನೋಡಿ, “ತೊಳೆಯೋದು ಹೇಗೆ?” ಎಂದರು. ಎಲ್ಲ ಪಕ್ಷಗಳನ್ನೂ ಕಾಡಿದ ಎರಡು ಸಂಗತಿಗಳಿಗೆ ಉತ್ತರ ಸಿಕ್ಕಿದ್ದು ಆಗಲೇ. ಈ ಗುಂಡುಗಳಲ್ಲಿ ಬಳಸಿ ಸವೆದ ಗುರುತು ಕಾಣುವುದಿಲ್ಲ. ಕೆಲವು ನಾಣ್ಯಗಳ ಗಂಟಿನ ಜೊತೆಗೇ ಸಿಕ್ಕಿವೆ. ಒಂದು ಸಲ ಸೇವು ಒತ್ತಿ, ಒಂದು ಸಲ ತೊಳೆದು, ಗೌಲ್ ದೇಶದ ಆ ಗೃಹಿಣಿ ಅದನ್ನು ದುಡ್ಡಿನ ಪೆಟ್ಟಿಗೆಯ ತಳಕ್ಕೆ ಹಾಕಿ ಬೀಗ ಜಡಿದಳು.