ಇಂಟರ್ನ್‌ಶಿಪ್‌ಗಮನ ಮೀಮಾಂಸೆ ಅಥವಾ 23 ಕೆ.ಜಿ.ಯ ತತ್ತ್ವವಿಚಾರ

ಶಾಸ್ತ್ರಗ್ರಂಥ ಬರೆಯುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಕರ್ನಾಟಕದ ಎಂಜಿನಿಯರಿಂಗ್ ಕಾಲೇಜಿನ ಮೂರನೇ ವರ್ಷದ ಹುಡುಗನೊಬ್ಬ ಬೇಸಿಗೆಯಲ್ಲಿ ಜರ್ಮನಿಯ ಟ್ಯೂಬಿಂಗನ್ ಪಟ್ಟಣದ ಲ್ಯಾಬಿಗೆ ಇಂಟರ್ನ್‌ಶಿಪ್ಪಿಗೆಂದು ಹೊರಡುವಾಗ ಅವನ ಮನೆಯಲ್ಲಿ ನಡೆಯುವ ಸಿದ್ಧತೆ. ಪ್ರಯೋಜನ: ಕಾಣುವುದಿಲ್ಲ. ಸಂಬಂಧ: ಹುಡುಗನಿಗೂ ಸೂಟ್‌ಕೇಸಿಗೂ ಇರುವ ಆಧಾರ-ಆಧೇಯ ಭಾವ, ಯಾವುದು ಯಾವುದನ್ನು ಎಳೆದುಕೊಂಡು ಹೋಗುತ್ತದೆ ಎಂಬುದರಲ್ಲಿ ಮತಭೇದವಿದೆ. ಅಧಿಕಾರಿ: ಅಮ್ಮ.

ಅಷ್ಟು ದೊಡ್ಡ ಜರ್ಮನಿಯಲ್ಲಿ ಟ್ಯೂಬಿಂಗನ್ನೇ ಏಕೆ ಎಂದು ಪೂರ್ವಪಕ್ಷದವರು ಕೇಳಬಹುದು. ಕನ್ನಡಕ್ಕೂ ಆ ಊರಿಗೂ ಹಳೆಯ ಕೊಡುಕೊಳ್ಳುವಿಕೆ ಇದೆ, ಅದಕ್ಕೆ. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ಅಲ್ಲಿ ಕ್ರೈಸ್ತ ದೇವತಾಶಾಸ್ತ್ರ ಓದಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಿಳಿದು, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ 1894ರಲ್ಲಿ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಅಚ್ಚು ಹಾಕಿಸಿ, 1903ರಲ್ಲಿ ಟ್ಯೂಬಿಂಗನ್ನಿನಲ್ಲೇ ತೀರಿಕೊಂಡರು. ನಮ್ಮ ಹುಡುಗ ಹೊರಟಿರುವ ದಾರಿಯಲ್ಲೇ ಇವರಿಬ್ಬರೂ ಎದುರಿನಿಂದ ಬಂದವರು. ಅವರ ಬಳಿ ರಿಟರ್ನ್ ಟಿಕೆಟ್ ಇರಲಿಲ್ಲ, ವೀಸಾ ಇರಲಿಲ್ಲ, ದಿನಬೆಳಗಾದರೆ ‘ತಿಂಡಿ ಆಯ್ತಾ’ ಎಂದು ಕೇಳುವ ವಾಟ್ಸ್ಆ್ಯಪ್ ಇರಲಿಲ್ಲ. ಹಿಡಿದ ಕೆಲಸ ಮುಗಿಸಲು ಅವರಿಗೆ ಸಾಧ್ಯವಾದದ್ದು ಈ ಮೂರನೆಯ ಅಭಾವದಿಂದಲೇ ಎಂದು ಪ್ರಸ್ತುತ ಲೇಖಕನ ದೃಢ ನಂಬಿಕೆ.

ಈಗ ಮೂಲಕ್ಕೆ ಬರೋಣ. ಎಲ್ಲದರ ಮೂಲ ಒಂದು ಇಮೇಲ್. ಶಾಸ್ತ್ರಮರ್ಯಾದೆಗೆ ತಕ್ಕಂತೆ ಹುಡುಗನನ್ನು ಇನ್ನು ಮುಂದೆ ವಟು ಎಂದು ಕರೆಯಲಾಗುವುದು; ಸ್ಟೈಪೆಂಡ್ ಅವನ ಭಿಕ್ಷೆ. ವಟುವು ದೀಪಾವಳಿಯ ಆಸುಪಾಸಿನಲ್ಲಿ ಕಂಡಕಂಡ ಪ್ರೊಫೆಸರರಿಗೆಲ್ಲ ‘ತಮ್ಮ ಸಂಶೋಧನೆಯಿಂದ ಬಹಳ ಪ್ರಭಾವಿತನಾಗಿದ್ದೇನೆ’ ಎಂದು ಬರೆಯತೊಡಗುತ್ತಾನೆ. ಹೆಸರು ಮಾತ್ರ ಬದಲಿಸುತ್ತಾನೆ. ನಿದ್ದೆಗಣ್ಣಿನಲ್ಲಿದ್ದರೆ ಅದನ್ನೂ ಬದಲಿಸುವುದಿಲ್ಲ. 1925ರಲ್ಲಿ ಹುಟ್ಟಿದ ಡಿಎಎಡಿ ಎಂಬ ಜರ್ಮನ್ ವಿದ್ಯಾರ್ಥಿ ವಿನಿಮಯ ಸಂಸ್ಥೆ ಭಾರತದ ವಿಜ್ಞಾನ, ಎಂಜಿನಿಯರಿಂಗ್ ಹುಡುಗರಿಗಾಗಿಯೇ ವೈಸ್ ಎಂಬ ಬೇಸಿಗೆ ಇಂಟರ್ನ್‌ಶಿಪ್ ಯೋಜನೆ ನಡೆಸುತ್ತ ಬಂದಿದೆ. ಅದಕ್ಕೂ ಮೊದಲು ಅಲ್ಲಿನ ಪ್ರೊಫೆಸರೊಬ್ಬರು ಹೂಂ ಅನ್ನಬೇಕು. ಕೊನೆಗೊಬ್ಬರು ಅನ್ನುತ್ತಾರೆ, ಎರಡೇ ಸಾಲಿನಲ್ಲಿ. ಬರಬಹುದು. ಬರುವ ಮುನ್ನ ಇದರ ಜೊತೆಗಿರುವ ಪೇಪರನ್ನು ಓದಿಕೊಂಡಿರಬೇಕು.

ಆ ಪೇಪರನ್ನು ಅಪ್ಪ ಜೆರಾಕ್ಸ್ ಅಂಗಡಿಗೆ ಒಯ್ದು ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಹಾಕಿಸುತ್ತಾರೆ. ಅಮ್ಮ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಡುತ್ತಾಳೆ. ಪೂಜೆಯಾದ ಗ್ರಂಥವನ್ನು ಓದುವ ಪದ್ಧತಿ ನಮ್ಮಲ್ಲಿಲ್ಲ.

ವೀಸಾ ಪ್ರಕರಣವನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ರಸವಿಲ್ಲ. 90 ದಿನದೊಳಗಿನ ವಾಸಕ್ಕೆ ಷೆಂಗೆನ್ ವೀಸಾ, ಅದನ್ನು ಮೀರಿದರೆ ಜರ್ಮನಿಯ ರಾಷ್ಟ್ರೀಯ ವೀಸಾ. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಇರಬೇಕು. ಫೋಟೋ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ ಇರಬೇಕು, ಮುಖದಲ್ಲಿ ನಗು ಇರಬಾರದು. ಸ್ಟುಡಿಯೋದವನು ಅಭ್ಯಾಸಬಲದಿಂದ ವಟುವನ್ನು ಎರಡು ಸುತ್ತು ಬೆಳ್ಳಗೆ ಮಾಡಿ, ಹೆಣ್ಣಿನ ಮನೆಯವರಿಗೆ ಕಳಿಸುವಂಥ ಫೋಟೋ ಕೊಡುತ್ತಾನೆ. ಅದು ತಿರಸ್ಕೃತವಾಗುತ್ತದೆ. ಮುಂದಿನ ಫೋಟೋದಲ್ಲಿ ನಗು ತಾನಾಗಿಯೇ ಇರುವುದಿಲ್ಲ.

ಇನ್ನು ಪ್ರಮಾಣವಿಚಾರ. ಪ್ರತ್ಯಕ್ಷ ಪ್ರಮಾಣವೆಂದರೆ ಮನೆಯ ತೂಕದ ಯಂತ್ರ. ಅಪ್ಪ ಸೂಟ್‌ಕೇಸನ್ನು ಅವುಚಿಕೊಂಡು ಅದರ ಮೇಲೆ ನಿಲ್ಲಬೇಕು, ಬಂದ ಅಂಕಿಯಲ್ಲಿ ಅಪ್ಪನನ್ನು ಕಳೆಯಬೇಕು. ಅಪ್ಪನ ತೂಕದ ಬಗ್ಗೆ ಅಪ್ಪನಿಗೂ ಯಂತ್ರಕ್ಕೂ ಭಿನ್ನಾಭಿಪ್ರಾಯವಿರುವುದರಿಂದ ಉತ್ತರ ಎಂದೂ ಸ್ಥಿರವಲ್ಲ. ಶಬ್ದ ಪ್ರಮಾಣವೆಂದರೆ ಅಮೆರಿಕದಲ್ಲಿರುವ ಭಾವನ ಫೋನು. ಅವರು ಜರ್ಮನಿಯಲ್ಲಿ ವಿಮಾನ ಬದಲಿಸಿದ್ದಾರೆಯೇ ಹೊರತು ವಿಮಾನ ನಿಲ್ದಾಣದ ಹೊರಗೆ ಕಾಲಿಟ್ಟಿಲ್ಲ. ಇದು ಅವರ ಪ್ರಾಮಾಣ್ಯಕ್ಕೆ ಬಾಧಕವಾಗಿಲ್ಲ.

ಯುರೋಪಿನ ಟಿಕೆಟ್ಟಿಗೆ ಸಾಮಾನ್ಯವಾಗಿ ದಕ್ಕುವುದು 23 ಕೆ.ಜಿ.ಯ ಒಂದೇ ಸೂಟ್‌ಕೇಸ್. ಏಕಮೇವ, ಎರಡನೆಯದಿಲ್ಲ, ಆದ್ದರಿಂದ ಇದು ಅದ್ವೈತ. ಎರಡು ಸೂಟ್‌ಕೇಸ್ ಹಿಡಿದು ಅಮೆರಿಕಕ್ಕೆ ಹೋದ ಭಾವ ದ್ವೈತಿ, ಒಂದರಲ್ಲೇ ಹೋಗುವುದು ಹೇಗೆಂದು ಅವರಿಗೆ ಕೊನೆತನಕ ಅರ್ಥವಾಗುವುದಿಲ್ಲ. ಲ್ಯಾಪ್‌ಟಾಪ್ ಚೀಲ ಬೇರೆಯೂ ಹೌದು, ಸೂಟ್‌ಕೇಸಿನ ಅಂಗವೂ ಹೌದು ಎನ್ನುವ ಅಪ್ಪ ವಿಶಿಷ್ಟಾದ್ವೈತಿ. ಅವರ ಮತದಂತೆ ಆ ಚೀಲದಲ್ಲಿ ಲ್ಯಾಪ್‌ಟಾಪ್ ಬಿಟ್ಟು ಇನ್ನೆಲ್ಲ ಇರಬಹುದು. ಇಷ್ಟಾದರೂ ಅಮ್ಮ ಮೇಲೆ ಕೂತ ಹೊರತು ಸೂಟ್‌ಕೇಸಿನ ಜಿಪ್ ಹತ್ತುವುದಿಲ್ಲ. ಇದನ್ನು ಶಕ್ತಿವಿಶಿಷ್ಟಾದ್ವೈತ ಎನ್ನಲು ಅಡ್ಡಿಯಿಲ್ಲ.

ಆ 23 ಕೆ.ಜಿ.ಯ ಹಂಚಿಕೆ ಹೇಗೆ? ಇಲ್ಲಿಂದ ಈ ಗ್ರಂಥದ ಹೃದಯಭಾಗ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪುಳಿಯೋಗರೆ ಗೊಜ್ಜು, ಒಗ್ಗರಣೆ ಹಾಕಿಟ್ಟ ಅವಲಕ್ಕಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ. ತಾಯಿಯ ತವರು ಬಾಗಲಕೋಟೆಯ ಕಡೆಯದಾದರೆ ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಒಂದು ಕಟ್ಟು ಕಡಕ್ ರೊಟ್ಟಿ. ಕಡಕ್ ರೊಟ್ಟಿಗೆ ತೂಕವಿಲ್ಲ, ಕೆಡುವ ಭಯವಿಲ್ಲ. ವಿಮಾನದ ಸಾಮಾನು ಎತ್ತಿ ಒಗೆಯುವವರ ಕೈಯಿಂದ ಪಾರಾಗುವ ಶಕ್ತಿ ಮಾತ್ರ ಅದಕ್ಕಿಲ್ಲ. ವಟು ಮೂರು ತಿಂಗಳು ರೊಟ್ಟಿಯ ಪುಡಿಯನ್ನು ಚಮಚದಲ್ಲಿ ತಿನ್ನುತ್ತಾನೆ.

ನಿಷೇಧಗಳು ಬರುವುದು ಇಲ್ಲಿಯೇ. ಹೊರದೇಶದಿಂದ ಬರುವ ಪ್ರಯಾಣಿಕ ಮಾಂಸದ, ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ಆದಕಾರಣ ಧಾರವಾಡ ಪೇಡೆ ಇಲ್ಲ, ಬೆಳಗಾವಿ ಕುಂದಾ ಇಲ್ಲ, ತುಪ್ಪವೂ ಇಲ್ಲ. ತುಪ್ಪ ಹಾಲಿನ ಪದಾರ್ಥವಲ್ಲ, ಔಷಧ ಎಂದು ಅಜ್ಜಿ ವಾದಿಸುತ್ತಾರೆ. ವಾದ ಸಮರ್ಥವಾಗಿಯೇ ಇದೆ. ಅದನ್ನು ಫ್ರಾಂಕ್‌ಫರ್ಟಿನ ಕಸ್ಟಮ್ಸ್ ಅಧಿಕಾರಿಯ ಮುಂದೆ ಮಂಡಿಸಬೇಕಾದವರು ಅಜ್ಜಿಯಲ್ಲ ಎಂಬುದಷ್ಟೇ ದೋಷ. ಹಸಿ ಕರಿಬೇವಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಬೇಕು. ಹಿತ್ತಲಿನ ಗಿಡಕ್ಕೆ ಅದನ್ನು ಎಲ್ಲಿ ಮಾಡಿಸುತ್ತೀರಿ?

ತೆಂಗಿನ ವಿಷಯದಲ್ಲಂತೂ ಎರಡು ಶ್ರುತಿಗಳು ಒಂದಕ್ಕೊಂದು ವಿರುದ್ಧವಾಗಿ ನಿಂತಿವೆ. ಯಾವ ಪ್ರಮಾಣಪತ್ರವೂ ಇಲ್ಲದೆ ಐರೋಪ್ಯ ಒಕ್ಕೂಟದೊಳಕ್ಕೆ ಹೋಗಬಲ್ಲ ಹಣ್ಣು-ಕಾಯಿಗಳು ಐದೇ: ಅನಾನಸ್, ಬಾಳೆ, ಖರ್ಜೂರ, ಡೂರಿಯನ್ ಮತ್ತು ನಮ್ಮ ತೆಂಗಿನಕಾಯಿ. ಆದರೆ ಅದೇ ಕಾಯಿ ಒಣಗಿ ಕೊಬ್ಬರಿಯಾಯಿತೋ, ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದು 1363ನೇ ಸಂಖ್ಯೆಯ ವಸ್ತು; ತಾನಾಗಿಯೇ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ವರ್ಗಕ್ಕೆ ಸೇರಿದ್ದು. ಎಣ್ಣೆ ಹೆಚ್ಚಿರುವುದರಿಂದ ರಾಶಿ ಹಾಕಿದ ಕೊಬ್ಬರಿ ಒಳಗೊಳಗೇ ಬಿಸಿಯೇರುತ್ತದೆ ಎಂಬುದು ಕಾರಣ. 2022ರಲ್ಲಿ ನಮ್ಮ ವಿಮಾನಯಾನ ಭದ್ರತೆಯವರು ಚೆಕ್-ಇನ್ ಸಾಮಾನಿನಲ್ಲಿ ಒಣ ಕೊಬ್ಬರಿ ನಿಷೇಧಿಸಿದರು. ತಿಪಟೂರಿನ ಅಟ್ಟಗಳ ಮೇಲೆ ತಲೆಮಾರುಗಳಿಂದ ಒಣಗುತ್ತಿರುವುದು ಏನೆಂದು ಅಲ್ಲಿನ ಯಾರಿಗೂ ಇನ್ನೂ ಹೇಳಿದಂತಿಲ್ಲ. ಅಮ್ಮನ ಸಮನ್ವಯ ಹೀಗಿದೆ: ಚಟ್ನಿಪುಡಿಯೊಳಗೆ ಸೇರಿದ ಕೊಬ್ಬರಿ ಚಟ್ನಿಪುಡಿಯೇ ಆಗಿಬಿಟ್ಟಿರುತ್ತದೆ, ಹೊಳೆ ಸಮುದ್ರ ಸೇರಿದ ಮೇಲೆ ಹೊಳೆ ಎಲ್ಲಿದೆ?

ಇಷ್ಟು ಹೊತ್ತುಕೊಂಡು ವಟು ಹೋಗುತ್ತಿರುವ ಊರಿನ ವಿಜ್ಞಾನಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಟ್ಯೂಬಿಂಗನ್ನಿನ ಗುಡ್ಡದ ಮೇಲಿನ ಕೋಟೆಯಲ್ಲಿ, ಹಿಂದೆ ಅಡುಗೆಮನೆಯಾಗಿದ್ದು ಪ್ರಯೋಗಾಲಯವಾಗಿ ಬದಲಾಗಿದ್ದ ಕೋಣೆಯಲ್ಲಿ, ಫ್ರೆಡ್ರಿಕ್ ಮೀಷರ್ ಎಂಬ ತರುಣ ಆಸ್ಪತ್ರೆಯ ಬ್ಯಾಂಡೇಜಿಗೆ ಹತ್ತಿದ ಕೀವಿನಿಂದ 1869ರಲ್ಲಿ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದ. ಅವನು ಅದನ್ನು ನ್ಯೂಕ್ಲೀನ್ ಎಂದ, ನಾವೀಗ ಡಿಎನ್ಎ ಎನ್ನುತ್ತೇವೆ. ಅಡುಗೆಮನೆಯೊಳಕ್ಕೆ ಲ್ಯಾಬನ್ನು ತಂದವರ ಊರಿಗೆ ನಮ್ಮವರು ಲ್ಯಾಬಿನ ನೆಪದಲ್ಲಿ ಅಡುಗೆಮನೆಯನ್ನೇ ಸಾಗಿಸುತ್ತಿದ್ದಾರೆ.

ಉಪಕರಣಗಳ ವಿಷಯಕ್ಕೆ ಬಂದರೆ ಭೌತಶಾಸ್ತ್ರ ಅಮ್ಮನ ಪರವಾಗಿದೆ. ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಒಂದು ಅಡಾಪ್ಟರ್ ಇದ್ದರೆ ಇಲ್ಲಿನ ಮಿಕ್ಸಿ ಅಲ್ಲೂ ತಿರುಗುತ್ತದೆ. ಸಮಾಜಶಾಸ್ತ್ರ ವಿರುದ್ಧವಾಗಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ಸದ್ದು ಮಾಡುವಂತಿಲ್ಲ, ಭಾನುವಾರವಂತೂ ಇಡೀ ದಿನ. ಭಾನುವಾರ ಕಾಯಿಚಟ್ನಿ ರುಬ್ಬುವವನ ಬಾಗಿಲನ್ನು ಪಕ್ಕದ ಮನೆಯವರು ತಟ್ಟುತ್ತಾರೆ, ಚಟ್ನಿ ಕೇಳಲಿಕ್ಕಲ್ಲ. ಮಲಗುವ ಕೋಣೆಗಳಲ್ಲಿ ಹೊಗೆ ಪತ್ತೆಹಚ್ಚುವ ಯಂತ್ರ ಕಡ್ಡಾಯ. ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದ ಒಗ್ಗರಣೆಯ ಎದುರು ಆ ಯಂತ್ರ ತನ್ನ ಕರ್ತವ್ಯ ಮರೆಯುವುದಿಲ್ಲ.

ಆದರೂ ಸತ್ಯ ಹೇಳಬೇಕು. ಆ ಭಾನುವಾರವೇ ಅಮ್ಮನ ಪಕ್ಷವನ್ನು ಗೆಲ್ಲಿಸುವುದೂ ಹೌದು. ಅಂದು ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದ ಅಂಗಡಿ, ಬೇಕರಿ ಎಂದು ಅಲ್ಲೊಂದು ಇಲ್ಲೊಂದು ಬಿಟ್ಟರೆ ಹಾಲಿಗೂ ಗತಿಯಿಲ್ಲ. ಮೇ, ಜೂನ್ ತಿಂಗಳಲ್ಲಿ ಹಬ್ಬದ ರಜೆಗಳೂ ಸಾಲಾಗಿ ಬರುತ್ತವೆ. ಶನಿವಾರ ರಾತ್ರಿ ಬಂದಿಳಿದ ವಟುವಿಗೆ ಸೋಮವಾರದವರೆಗೆ ದಿಕ್ಕು ಅವಲಕ್ಕಿಯೇ. ‘ಇದೆಲ್ಲ ಯಾಕಮ್ಮ, ಅಲ್ಲಿ ಎಲ್ಲ ಸಿಗುತ್ತೆ’ ಎಂದು ಬೆಂಗಳೂರಿನಲ್ಲಿ ಸಿಡುಕಿದವನೇ ಆ ಭಾನುವಾರ ಅಮ್ಮನಿಗೆ ಫೋಟೋ ಕಳಿಸುತ್ತಾನೆ. ಅದು ಪ್ರಮಾಣವಾಗಿ ಮನೆಯ ಎಲ್ಲ ಗುಂಪುಗಳಲ್ಲೂ ಹರಿದಾಡುತ್ತದೆ.

ಬಟ್ಟೆಯ ಪ್ರಕರಣ ಚಿಕ್ಕದು. ವಿದೇಶವೆಂದರೆ ಚಳಿ ಎಂಬುದು ಅಪ್ಪನ ಸಿದ್ಧಾಂತ, ಸ್ವೆಟರು ಮೂರು, ಮಂಕಿ ಕ್ಯಾಪ್ ಒಂದು. ಜುಲೈನಲ್ಲಿ ಅಲ್ಲಿ 35 ಡಿಗ್ರಿ ಮುಟ್ಟುವ ದಿನಗಳೂ ಇರುತ್ತವೆ, ಮನೆಗಳಲ್ಲಿ ಸೀಲಿಂಗ್ ಫ್ಯಾನ್ ಇರುವುದಿಲ್ಲ. ಹೊರಡುವವಳು ಹೆಣ್ಣುಮಗಳಾದರೆ ಬಟ್ಟೆಗಿಂತ ಉಪದೇಶದ ತೂಕವೇ ಹೆಚ್ಚು; ಅದನ್ನು ತೂಗುವ ಯಂತ್ರ ಯಾವ ಕೌಂಟರಿನಲ್ಲೂ ಇಲ್ಲದಿರುವುದು ನಮ್ಮ ಸಮಾಜದ ಪುಣ್ಯ. ಎಲ್ಲ ಮಕ್ಕಳಿಗೂ ಸಮಾನವಾದ ವಿಧಿಯೊಂದಿದೆ.

“ಕತ್ತಲಾಗೋದ್ರೊಳಗೆ ರೂಮು ಸೇರ್ಕೋಬೇಕು, ಗೊತ್ತಾಯ್ತಾ?”

“ಆಯ್ತಮ್ಮ.”

ಜೂನ್ ಕೊನೆಯಲ್ಲಿ ಟ್ಯೂಬಿಂಗನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಆಗ ನಮ್ಮಲ್ಲಿ ಗಂಟೆ ಒಂದು. ವಟು ಮಾತೃವಾಕ್ಯವನ್ನು ಅಕ್ಷರಶಃ ಪಾಲಿಸುತ್ತಾನೆ, ಅಮ್ಮ ನಿದ್ದೆಗೆಡುತ್ತಾಳೆ.

ಮುಹೂರ್ತದ ಬಗ್ಗೆ ಪಂಚಾಂಗಕ್ಕೂ ವಿಮಾನ ಕಂಪನಿಗಳಿಗೂ ಗುಪ್ತ ಒಪ್ಪಂದವಿದೆ ಎಂದು ಶಂಕಿಸಲು ಎಡೆಯುಂಟು. ರಾಹುಕಾಲವನ್ನು ಹಗಲಿನ ಭಾಗದಲ್ಲಿ ಎಣಿಸುತ್ತಾರೆ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಬಹುಪಾಲು ವಿಮಾನಗಳು ಏಳುವುದು ನಡುರಾತ್ರಿ ಕಳೆದ ಮೇಲೆ. ಅಜ್ಜಿಗೆ ಅಷ್ಟರಿಂದ ತೃಪ್ತಿಯಿಲ್ಲ. ವಾರ ಶೂಲೆಯ ದಿನ ಟಿಕೆಟ್ ಬಿದ್ದಿದ್ದರೆ ಹಿಂದಿನ ಶುಭದಿನದಂದೇ ಪ್ರಸ್ಥಾನ ಇಡಿಸುತ್ತಾರೆ, ಅಂದರೆ ಸಾಮಾನಿನ ಒಂದು ಭಾಗವನ್ನು ಪಕ್ಕದ ಮನೆಗೆ ಕಳಿಸಿ ಪ್ರಯಾಣ ಶುರುವಾಯಿತೆಂದು ಲೆಕ್ಕ ಹಿಡಿಯುವುದು. ಯಾವ ಸಾಮಾನನ್ನು ಕಳಿಸುವುದು? ಯಾರಿಗೂ ತುರ್ತಿಗೆ ಬೇಡದ ವಸ್ತುವಾಗಬೇಕು. ಸ್ಪೈರಲ್ ಬೈಂಡಿನ ಪೇಪರು ಪಕ್ಕದ ಮನೆಯ ಶೋಕೇಸಿನಲ್ಲಿ ಮೂರು ರಾತ್ರಿ ತಂಗಿ ಬರುತ್ತದೆ.

ವಿಮಾನ ನಿಲ್ದಾಣದಲ್ಲಿ ಕೌಂಟರಿನ ತಕ್ಕಡಿ 23ರ ಗೆರೆ ದಾಟುತ್ತದೆ. ದಾಟದಿದ್ದ ಉದಾಹರಣೆ ಪರಂಪರೆಯಲ್ಲಿಲ್ಲ. ಇಡೀ ಕುಟುಂಬ ನೆಲದ ಮೇಲೆ ಮಂಡಿಯೂರಿ ಸೂಟ್‌ಕೇಸ್ ಬಿಚ್ಚುತ್ತದೆ. ಏನು ತೆಗೆಯುವುದು? ಉಪ್ಪಿನಕಾಯಿಗೆ ಸುತ್ತಿದ ಪ್ಲಾಸ್ಟಿಕ್ ಬಿಚ್ಚಿದರೆ ಎಣ್ಣೆ ಸೋರುತ್ತದೆ. ಕುಕ್ಕರಿನೊಳಗೆ ಮೆಂತ್ಯದ ಹಿಟ್ಟಿದೆ, ಹಿಟ್ಟಿನೊಳಗೆ ಅಜ್ಜಿ ಕೊಟ್ಟ ಮಂತ್ರಾಕ್ಷತೆಯ ಪೊಟ್ಟಣವಿದೆ. ಸ್ವೆಟರು ತೆಗೆಯಲು ಅಪ್ಪ ಒಪ್ಪುವುದಿಲ್ಲ. ತರ್ಕದ ಹಾದಿಗಳೆಲ್ಲ ಮುಗಿದ ಮೇಲೆ ಉಳಿಯುವುದು ಒಂದೇ ವಸ್ತು. “ಅದು ಮೊಬೈಲಲ್ಲಿ ಇದೆಯಲ್ಲೋ” ಎನ್ನುತ್ತಾರೆ ಅಪ್ಪ. ಪೇಪರು ಮನೆಗೆ ವಾಪಸಾಗುತ್ತದೆ. ಈಗ ಅಪ್ಪನೇ ಅದನ್ನು ದಿನಾ ಸಂಜೆ ಓದುತ್ತಾರೆ. ಮೊದಲ ಪುಟ ಅರ್ಥವಾಗಿದೆ, ಎರಡನೆಯದರಲ್ಲಿ ಪ್ರೊಫೆಸರರು ಕೊಂಚ ಅವಸರ ಮಾಡಿದ್ದಾರೆ ಎಂದು ಅವರ ಅಭಿಪ್ರಾಯ.

ನಿರ್ಣಯ: ಇಂಟರ್ನ್‌ಶಿಪ್ಪಿನ ಸಿದ್ಧತೆಯಲ್ಲಿ ಎಲ್ಲಕ್ಕೂ ಜಾಗವಿದೆ, ಇಂಟರ್ನ್‌ಶಿಪ್ಪಿಗೆ ಇಲ್ಲ. ಇದನ್ನು ಬದಲಿಸಲು ಶಾಸ್ತ್ರದಿಂದ ಆಗದು.

ಓದುಗರಲ್ಲಿ ಒಂದು ವಿನಂತಿ ಮಾತ್ರ ಉಳಿದಿದೆ, ಇದರಲ್ಲಿ ಹಾಸ್ಯವಿಲ್ಲ. ಇಷ್ಟೆಲ್ಲ ಕಟ್ಟುವ ಮೊದಲು ಬೀರು ತೆಗೆದು ಮಗನ ಅಥವಾ ಮಗಳ ಪಾಸ್‌ಪೋರ್ಟ್ ನೋಡಿ. ಚಿಕ್ಕಂದಿನಲ್ಲಿ ಮಾಡಿಸಿದ್ದಾದರೆ ಅದು ಸಾಮಾನ್ಯವಾಗಿ ಐದು ವರ್ಷ ಅಥವಾ 18 ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಊರ್ಜಿತ. ಷೆಂಗೆನ್ ವೀಸಾಕ್ಕೆ ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ವಾಪಸು ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಅವಧಿ ಇರಬೇಕು, ಎರಡು ಪುಟ ಖಾಲಿ ಇರಬೇಕು. ಚಟ್ನಿಪುಡಿಯನ್ನು ಆಮೇಲೆ ಕುಟ್ಟಬಹುದು.